ರೊಟ್ಟಿ ಗಾಡಿಯ ನಾಲ್ಕು ಗಾಲಿ

ಗಾಡಿ ಇದ್ದ ಮೇಲೆ ಗಾಲಿ ಪಂಚರ್ ಆಗುವುದು ಇದ್ದದ್ದೇ, ಎಲ್ಲರದೂ ಆಗುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಗಾಡಿಯದು ಮಾತ್ರ ಅಂಥ ಹೊತ್ತು, ಅಂಥ ಜಾಗ, ಅಂಥ ಮಂದಿಯನ್ನು ಹುಡುಕಿಕೊಂಡು ಹೋಗಿ ಆಗುತ್ತದೆ. ಒಂದರ ಸಿಟ್ಟು ಇಳಿಯುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ಹಾನಗಲ್ಲಿನಲ್ಲಿ ನನ್ನದೊಂದು ರೊಟ್ಟಿ ಕೇಂದ್ರ ಇದೆ. ಓಣಿಯ ಹೆಣ್ಣುಮಕ್ಕಳು ಸೇರಿ ಖಡಕ್ ಜೋಳದ ರೊಟ್ಟಿ ಬಡಿಯುತ್ತೇವೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಖಾನಾವಳಿಗಳಿಗೆ, ಅಂಗಡಿಗಳಿಗೆ ನಾನೇ ಒಯ್ದು ಮುಟ್ಟಿಸುತ್ತೇನೆ. ಗಾಡಿ ಏಳು ಮಂದಿ ಕೂಡುವಂಥದ್ದು, ಮನೆಮಂದಿಯೆಲ್ಲ ಸೇರಿ ಕೊಂಡದ್ದು. ಅದನ್ನು ಓಡಿಸಲು ಕಲಿತವಳು ಮಾತ್ರ ನಾನೊಬ್ಬಳೇ. ನಮ್ಮನೆಯವರಿಗೆ ಸ್ಟೇರಿಂಗ್ ಹಿಡಿದರೆ ಕೈ ಬೆವರುತ್ತದೆ. ಭಾವನವರಿಗೆ, ಅಂದರೆ ನಮ್ಮನೆಯವರ ಅಣ್ಣನಿಗೆ, ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಬರುವುದಿಲ್ಲ. ಬರುವುದಿಲ್ಲ ಎಂಬುದನ್ನು ಅವರು ಒಪ್ಪುವುದೂ ಇಲ್ಲ.

ಮನೆಯ ಹೆಣ್ಣುಮಗಳ ಕೈಯಲ್ಲಿ ಗಾಡಿಯ ಕೀಲಿ ಇರುವುದು ಭಾವನವರಿಗೆ ನುಂಗಲಾರದ ತುತ್ತು. ಮೊದಲ ಸಲ ಗಾಲಿ ಕೈಕೊಟ್ಟ ದಿನವೇ ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟರು.

"ನೋಡವಾ, ಹಿಂಗಽ ಆಗ್ಕೋತ ಹೋದ್ರ ಕೀಲಿ ನನ್ನ ಕೈಯಾಗ ಕೊಟ್ಟುಬಿಡು. ನನ್ನ ಹೆಂಡ್ತಿ ತವರಮನಿ ಕಡೆಯಂವ ಒಬ್ಬ ಡ್ರೈವರ್ ಅದಾನ, ಅವನ್ನ ಇಟ್ಕೊಳ್ಳೂಣು. ನಿನ್ನ ರೊಟ್ಟಿ ಬಸ್ಸಿಗೆ ಹೋಗ್ಲಿ."

ಬಸ್ಸಿಗೆ! ಖಡಕ್ ರೊಟ್ಟಿಯನ್ನು ಬಸ್ಸಿನಲ್ಲಿ ಕಳಿಸಿದರೆ ಇಳಿಸಿಕೊಳ್ಳುವವರಿಗೆ ಸಿಗುವುದು ನುಚ್ಚು. ಕೀಲಿ ಹೋಯಿತೆಂದರೆ ಕೇಂದ್ರ ಹೋಯಿತು, ಕೇಂದ್ರ ಹೋಯಿತೆಂದರೆ ರೊಟ್ಟಿ ಬಡಿಯುವ ಅಷ್ಟೂ ಹೆಣ್ಣುಮಕ್ಕಳ ಕೈ ಖಾಲಿ. ಇದಿಷ್ಟು ಗೊತ್ತಿದ್ದರೆ ನನ್ನ ಸಿಟ್ಟು ನಿಮಗೂ ಬರುತ್ತದೆ.

ಸಾಹೇಬರ ಕೈಚಳಕ

ಆ ಮೊದಲ ಪಂಚರ್ ಆದದ್ದು ಶಿಗ್ಗಾಂವಿ ದಾಟಿ ತಡಸಕ್ಕೆ ಹೋಗುವ ದಾರಿಯಲ್ಲಿ. ಅಲ್ಲಿಯ ಖಾನಾವಳಿಗೆ ರೊಟ್ಟಿ ಕೊಡುವುದಿತ್ತು. ನಮ್ಮನೆಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು. ಹಿಂದಿನ ಗಾಲಿ ಕುಂಟತೊಡಗಿತು. ಇಳಿದು ನೋಡಿದರೆ ಟೈರು ನೆಲ ಕಚ್ಚಿತ್ತು.

ನಮ್ಮ ಕಡೆ ರಸ್ತೆ ಬದಿಗೆ ಒಂದು ಗಾಡಿ ನಿಂತರೆ ಸಾಕು, ಮಂದಿ ಎಲ್ಲಿಂದ ಬರುತ್ತಾರೋ ಗೊತ್ತಾಗುವುದಿಲ್ಲ. ಬೈಕಿನವರು ನಿಂತರು, ಹೊಲದಲ್ಲಿದ್ದವರು ಬದು ಹತ್ತಿ ಬಂದರು. ಬಂದವರೆಲ್ಲ ನನ್ನನ್ನು ದಾಟಿಕೊಂಡು ನಮ್ಮನೆಯವರ ಹತ್ತಿರ ಹೋದರು.

"ಏನಾತ್ರಿ ಸಾಹೇಬ್ರ?"

"ಪಂಚರ್ ಆತ್ರಿ."

"ಗಾಡಿ ಯಾರು ಹೊಡ್ಯಾಕತ್ತಿದ್ರು?"

ನಮ್ಮನೆಯವರು ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

"ಹಂಗಾರ ಆಗ್ತೈತಿ ಬಿಡ್ರಿ."

ಹಾದಿಯಲ್ಲಿ ಬಿದ್ದ ಮುಳ್ಳಿಗೆ ಸ್ಟೇರಿಂಗ್ ಹಿಡಿದವರು ಗಂಡಸೋ ಹೆಂಗಸೋ ಅಂತ ಹೇಗೆ ಗೊತ್ತಾಗಬೇಕು? ಕೇಳೋಣವೆಂದರೆ ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಸ್ಟೆಪ್ನಿ ಹುಡುಕುವುದರಲ್ಲಿದ್ದರು. ಒಬ್ಬ ಸೀಟಿನ ಕೆಳಗೆ ಬಗ್ಗಿ ನೋಡಿದ. "ಈಗಿನ ಗಾಡಿಗೆ ಸ್ಟೆಪ್ನಿ ಕೊಡೂದಽ ಇಲ್ರಿ, ಬಂದ್ ಮಾಡ್ಯಾರ" ಅಂದ ಇನ್ನೊಬ್ಬ. "ಬಾನೆಟ್ಟಿನ್ಯಾಗ ನೋಡ್ರಲಾ" ಎಂದು ಯಾರೋ ಕೂಗಿದರು. ನಮ್ಮನೆಯವರು ನಿಜವಾಗಿಯೂ ಹೋಗಿ ಬಾನೆಟ್ ಎತ್ತಿದರು.

ನಮ್ಮ ಗಾಡಿಯ ಸ್ಟೆಪ್ನಿ ಇರುವುದು ಹೊಟ್ಟೆಯ ಕೆಳಗೆ. ಅದನ್ನು ಇಳಿಸಬೇಕೆಂದರೆ ಡಿಕ್ಕಿ ಖಾಲಿ ಮಾಡಿ, ಚಾಪೆ ಎತ್ತಿ, ಅಲ್ಲಿರುವ ತೂತಿನಲ್ಲಿ ಕಬ್ಬಿಣದ ಸರಳು ಹಾಕಿ ತಿರುವಬೇಕು. ನಾನು ರೊಟ್ಟಿಯ ಬುಟ್ಟಿಗಳನ್ನೆಲ್ಲ ಒಂದೊಂದಾಗಿ ಇಳಿಸಿದೆ. ಯಾರೂ ಕೈಹಚ್ಚಲಿಲ್ಲ. ಹಚ್ಚಲಿಲ್ಲ ಎಂದರೆ ತಪ್ಪಾಗುತ್ತದೆ, ಒಬ್ಬ ಬುಟ್ಟಿಯೊಳಗೆ ಕೈ ಹಾಕಿ ರೊಟ್ಟಿ ಮುರಿದು ಬಾಯಿಗಿಟ್ಟು, "ಚಲೋ ಅದಾವ್ರಿ, ಖಡಕ್ ಅಂದ್ರ ಖಡಕ್" ಅಂದ.

ಸರಳು ತಿರುವಿದೆ. ಸ್ಟೆಪ್ನಿ ಕೆಳಗಿಳಿಯಿತು. ಪಾನಾದ ಮೇಲೆ ಹತ್ತಿ ನಿಂತು ನಟ್ಟು ಸಡಿಲು ಮಾಡಿ ಜಾಕ್ ಕೊಟ್ಟೆ. ಗಾಲಿ ಬದಲಾಯಿಸಿ ಎದ್ದು ನಿಂತಾಗ ಕೈ ಮೊಣಕೈ ತನಕ ಕಪ್ಪು, ಸೀರೆಯ ನಿರಿಗೆಯ ತುಂಬ ಮಣ್ಣು. ಮಂದಿ ಹೊರಟು ನಿಂತರು. ಹೋಗುವ ಮುಂದೆ ಅವರಲ್ಲಿ ಹಿರಿಯನೊಬ್ಬ ನಮ್ಮನೆಯವರ ಕೈ ಕುಲುಕಿದ.

"ಭಾಳ ಲಗೂನ ಬದ್ಲಿ ಮಾಡಿದ್ರಿ ಸಾಹೇಬ್ರ."

ನಮ್ಮನೆಯವರು ಒಂದಿಷ್ಟೂ ಧೂಳು ಹತ್ತದ ಕೈಯನ್ನು ಕರ್ಚೀಫಿನಿಂದ ಒರೆಸಿಕೊಂಡು ಹೇಳಿದರು, "ಏನ್ ಮಾಡೂದ್ರಿ, ರೂಢಿ ಆಗಿಬಿಟ್ಟೈತಿ."

ಹಳದಿ ದೀಪ

ಗಾಲಿಯಲ್ಲಿ ಹವಾ ಕಡಿಮೆಯಾದರೆ ಸ್ಟೇರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತುತ್ತದೆ. ಒಳ್ಳೆಯ ವ್ಯವಸ್ಥೆಯೇ. ನೋಡುವವರ ತಲೆಯೊಳಗೂ ಒಂದು ದೀಪ ಇರಬೇಕು, ಅಷ್ಟೇ.

ಹಿರೇಕೆರೂರಿನಲ್ಲಿ ಬೀಗರ ಬಸುರಿ ಮಗಳ ಕುಬಸ ಇತ್ತು. ಮನೆಮಂದಿಯೆಲ್ಲ ರೇಷ್ಮೆ ಸೀರೆ, ಹೊಸ ಅಂಗಿ ಹಾಕಿಕೊಂಡು ಹತ್ತಿದರು. ಹಿರಿಯರೆಂದು ಭಾವನವರು ಮುಂದಿನ ಸೀಟಿನಲ್ಲಿ. ಗಾಡಿ ಚಾಲೂ ಮಾಡಿದೆ, ಹಳದಿ ದೀಪ ಹತ್ತಿತು.

"ಹವಾ ಹಾಕ್ಸ್ಕೊಂಡ ಹೋಗೂಣ್ರಿ" ಅಂದೆ.

ಪೆಟ್ರೋಲ್ ಬಂಕಿನಲ್ಲಿ ಹವಾ ಹಾಕುವವನು ಊಟಕ್ಕೆ ಹೋಗಿದ್ದ. ಕಾಯೋಣ ಅಂದೆ. ಭಾವನವರು ಕಾಯುವ ಜಾಯಮಾನದವರಲ್ಲ. ಕೆಳಗಿಳಿದು ಗಾಡಿ ಸುತ್ತುಹಾಕಿ ನಾಲ್ಕೂ ಗಾಲಿಗೆ ಚಪ್ಪಲಿ ಕಾಲಿನಿಂದ ಒದ್ದರು. ಟ್ರ್ಯಾಕ್ಟರಿನ ಗಾಲಿ ನೋಡುವುದು ಹೀಗೆಯೇ ಅಂತೆ.

"ಕಲ್ಲ ಆಗ್ಯಾವ. ನಡಿ."

ದೀಪ ಆರಲಿಲ್ಲ. ಒದ್ದು ನೋಡಿದ ಮೇಲೂ ಅದು ಉರಿಯುತ್ತಿರುವುದು ಭಾವನವರಿಗೆ ಅವಮಾನದ ಹಾಗೆ ಕಂಡಿತು. ಊರು ದಾಟುವ ತನಕ ಅದನ್ನೇ ದುರುಗುಟ್ಟಿ ನೋಡಿದರು. ಕಡೆಗೆ ಪಾಕೀಟು ತೆಗೆದು, ಯಾವುದೋ ಮಠದಲ್ಲಿ ಕೊಟ್ಟ ದೇವರ ಸ್ಟಿಕರ್ ಬಿಚ್ಚಿ, ನನ್ನ ಕೈ ಮೇಲಿಂದ ಬಗ್ಗಿ ಸರಿಯಾಗಿ ಆ ದೀಪದ ಮೇಲೆ ಅಂಟಿಸಿದರು.

"ದೇವರಽ ಕುಂತ ಮ್ಯಾಲೆ ಇನ್ನೇನ್ ಬೇಕು?"

ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದವಳು ನಾನೇನು ಮಾಡಲಿ? ಒಂದು ಕೈ ಬಿಟ್ಟು ಉಗುರಿನಿಂದ ಕೆರೆಯಲು ಹೋದೆ. ಹಿಂದಿನಿಂದ ಅತ್ತೆ ಗುಡುಗಿದರು, "ದೇವ್ರನ್ನ ಕೀಳತೀಯೇನ? ಕೈ ತಗಿ!"

ತೆಗೆದೆ. ತಿಳವಳ್ಳಿ ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಗಾಡಿ ಒಂದು ಕಡೆ ವಾಲಿತು. ಎಲ್ಲರೂ ಇಳಿದೆವು. ರೇಷ್ಮೆ ಸೀರೆಯ ಹೆಂಗಸರು ಗೋವಿನಜೋಳದ ಹೊಲದ ಬದುವಿನ ಮೇಲೆ ಸಾಲಾಗಿ ಕೂತರು. ಕುಬಸದ ಹೆಣ್ಣಿಗೆ ಒಯ್ಯುತ್ತಿದ್ದ ತಿಂಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅತ್ತೆ ಹೊತ್ತು ಮೀರಿತು ಎಂದು ಗೊಣಗಿದರು. ನಾನು ಜಾಕ್ ಕೊಡುತ್ತಿದ್ದಾಗ ಭಾವನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ತಲೆಯ ಮೇಲೆ ನಿಂತರು.

"ಹವಾ ಇಳದಿದ್ರ ದೀಪ ಕಾಣಬೇಕಿತ್ತಲ್ಲ? ನೀ ಮುಂದ ನೋಡಿ ಗಾಡಿ ಹೊಡ್ಯೂದಽ ಇಲ್ಲ ಹೌದಿಲ್ಲೋ?"

ಎಡಕ್ಕೆ ಎಳೆತ

ಅದಾದ ಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು. ಸ್ಟೇರಿಂಗ್ ಒಂದು ಕ್ಷಣ ಸಡಿಲು ಬಿಟ್ಟರೆ ಸೀದಾ ಗಟಾರದ ಕಡೆ. ಅಲೈನ್‌ಮೆಂಟ್ ತಪ್ಪಿದೆ, ಹಾವೇರಿಗೆ ಒಯ್ದು ಮಶೀನಿನ ಮೇಲೆ ನಿಲ್ಲಿಸಬೇಕು ಎಂದು ನನಗೆ ಗೊತ್ತಿತ್ತು. ಹೇಳಿದೆ ಕೂಡ. ನಾನು ಹೇಳಿದ್ದನ್ನು ಕೇಳುವುದಾಗಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ರವಿವಾರ ಸವಣೂರಿಗೆ ನೆಂಟರ ಮನೆಗೆ ಹೊರಟೆವು. ದಾರಿಯಲ್ಲಿ ನಮ್ಮನೆಯವರು ಬಹಳ ಹೊತ್ತು ವಿಚಾರ ಮಾಡಿ ಕಾರಣ ಕಂಡುಹಿಡಿದರು.

"ಅವ್ವ ಎಡಕ್ಕ ಕುಂತಾಳ. ಅದಕ್ಕ ಎಡಕ್ಕ ಎಳಿತೈತಿ."

ಅತ್ತೆಯವರದು ತುಂಬಿದ ಮೈ, ತುಂಬಿದ ಗತ್ತು. ಎಲೆ ಅಡಿಕೆ ಹಾಕುವವರಾದ್ದರಿಂದ ಯಾವಾಗಲೂ ಎಡಗಡೆಯ ಕಿಟಕಿಯೇ ಬೇಕು. ಅವರನ್ನು ಎಬ್ಬಿಸಿ ನನ್ನ ಬೆನ್ನ ಹಿಂದೆ ಬಲಕ್ಕೆ ಕೂಡಿಸಿದರು. ಗಾಡಿ ಎಡಕ್ಕೇ ಎಳೆಯಿತು. ನೆಗೆಣ್ಣಿಯನ್ನೂ, ಅಂದರೆ ಭಾವನವರ ಹೆಂಡತಿಯನ್ನೂ, ಬಲಕ್ಕೆ ಕಳಿಸಿದರು. ಎಡಕ್ಕೇ ಎಳೆಯಿತು. ಭಾವನವರ ಮಕ್ಕಳು, ಮಕ್ಕಳ ಚೀಲ, ನೀರಿನ ಕ್ಯಾನು ಎಲ್ಲ ಬಲಕ್ಕೆ ಬಂದವು. ಸವಣೂರಿನ ಪ್ಯಾಟೆಗೆ ಬರುವ ಹೊತ್ತಿಗೆ ಹಿಂದೆ ಎಡಗಡೆಯ ಸೀಟುಗಳು ಖಾಲಿ, ಬಲಗಡೆ ಒಬ್ಬರ ತೊಡೆಯ ಮೇಲೆ ಒಬ್ಬರು. ಗಾಜಿಗೆ ಅಂಟಿದ ಅಷ್ಟೂ ಮುಖಗಳನ್ನು ಎಲೆ ಅಂಗಡಿಯವರು ಎದ್ದು ನಿಂತು ನೋಡಿದರು.

"ಗಾಡಿ ಕೆಟ್ಟೈತ್ರಿ, ಮಂದಿ ಅಲ್ಲ!" ಎಂದು ಕಿರುಚಿದೆ.

ನಮ್ಮನೆಯವರು ನನ್ನ ಕಡೆ ತಿರುಗಲೂ ಇಲ್ಲ. "ಅವ್ವಾ, ನೀ ಒಂದ್ ಗಳಿಗಿ ಕೆಳಗ ಇಳಿ. ಸೀದಾ ಹೋಗ್ತೈತೇನ ನೋಡೂಣು" ಅಂದರು.

ಅತ್ತೆ ಇಳಿದರು. ಸೆರಗು ಸರಿಮಾಡಿಕೊಂಡರು. ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಹಾನಗಲ್ ಬಸ್ಸು ಹತ್ತಿ ಕೂತವರು ಯಾರು ಕರೆದರೂ ಇಳಿಯಲಿಲ್ಲ.

ಮರುದಿನ ನಾನೊಬ್ಬಳೇ ಹಾವೇರಿಗೆ ಹೋಗಿ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ. ಗಾಡಿ ಗೆರೆ ಎಳೆದ ಹಾಗೆ ಸೀದಾ ಬಂತು. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ನಾ ಇಳದ ಮ್ಯಾಲೆ ಸೀದಾ ಆತಲ್ಲ?" ಅಂದವರು ಹಬ್ಬದ ತನಕ ಮಾತು ಬಿಟ್ಟರು. ಮಗನ ಜೋಡಿ ಅಲ್ಲ, ನನ್ನ ಜೋಡಿ.

ಯಾರ ರಸ್ತೆ, ಯಾರ ಕಲ್ಲು

ಗೋವಿನಜೋಳದ ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆ ಅರ್ಧ ರಸ್ತೆ, ಅರ್ಧ ಕಣ. ಡಾಂಬರಿನ ಮೇಲೆ ಜೋಳ ಹರವುತ್ತಾರೆ. ಗಾಡಿಗಳು ಹತ್ತಬಾರದೆಂದು ಅಂಚಿಗೆ ತಲೆಗಾತ್ರದ ಕಲ್ಲು ಇಡುತ್ತಾರೆ. ಒಣಗಿದ ಮೇಲೆ ಜೋಳ ಬಳಿದುಕೊಂಡು ಹೋಗುತ್ತಾರೆ. ಕಲ್ಲನ್ನು ಯಾರೂ ಬಳಿಯುವುದಿಲ್ಲ.

ಹತ್ತಿಮತ್ತೂರಿನ ದಾರಿಯಲ್ಲಿ ಎದುರಿಗೆ ಬಸ್ಸು ಬಂತು. ನಾನು ಎಡಕ್ಕೆ ತೆಗೆದುಕೊಂಡೆ. ಧಡ್ ಎಂದಿತು. ಗಾಲಿಯ ಡಿಸ್ಕು ಬೆಂಡಾಗಿ, ಟೈರಿನ ಪಕ್ಕ ಹಲ್ಲುನೋವಿನವರ ಕೆನ್ನೆಯ ಹಾಗೆ ಊದಿತ್ತು.

ಹೊಲದಿಂದ ರೈತನೊಬ್ಬ ಓಡಿಬಂದ. ತಪ್ಪಾಯಿತು ಅನ್ನುತ್ತಾನೆ, ನಾಲ್ಕು ಮಾತು ಬೈದು ಬಿಟ್ಟರಾಯಿತು ಎಂದುಕೊಂಡೆ. ಆತ ಗಾಡಿಯ ಕಡೆ ನೋಡಲೇ ಇಲ್ಲ. ಅತ್ತ ಇತ್ತ ಹುಡುಕಿದ.

"ನಮ್ಮ ಕಲ್ಲ ಎಲ್ಲಿ ಹೋತ್ರಿ?"

ನನಗೆ ಮೈಯೆಲ್ಲ ಉರಿಯಿತು. "ಕಲ್ಲ? ನನ್ನ ಗಾಲಿ ಹೋಗೇತಿ, ನಿಮಗ ಕಲ್ಲಿನ ಚಿಂತಿ! ರಸ್ತೆ ನಿಮ್ಮಪ್ಪಂದೇನು?"

"ರಸ್ತೆ ಸರಕಾರದ್ರಿ ಅಕ್ಕಾರ. ಕಲ್ಲ ನಮ್ದು."

ಇನ್ನೂ ಬಹಳ ಕೂಗಾಡಿದೆ. ಆತ ಒಂದಕ್ಕೂ ಸಿಟ್ಟಾಗಲಿಲ್ಲ. ನೀರಿನ ತಂಬಿಗೆ ತಂದುಕೊಟ್ಟ, "ಬಿಸಲಾಗ ಒದರಬ್ಯಾಡ್ರಿ, ತಲಿ ತಿರುಗ್ತೈತಿ" ಅಂದ. ಗಾಡಿ ಹಿಂದೆ ಸರಿಯದಂತೆ ಗಾಲಿಗಳಿಗೆ ಕಲ್ಲು ಕೊಟ್ಟ, ಜಾಕ್ ತಿರುವಿದ, ನಟ್ಟು ಬಿಗಿದ. ಮನುಷ್ಯ ಒಳ್ಳೆಯವನೇ ಎಂದು ನನ್ನ ಸಿಟ್ಟು ಅರ್ಧ ಇಳಿಯಿತು. ಬೈದದ್ದು ಹೆಚ್ಚಾಯಿತೇನೋ ಅನಿಸಿ, ಬುಟ್ಟಿಯಿಂದ ಒಂದು ಕಟ್ಟು ರೊಟ್ಟಿ ತೆಗೆದು ಕೈಗಿಟ್ಟೆ. ಗಾಡಿ ಹತ್ತಿ ಹೊರಟೆ.

"ಅಕ್ಕಾರ, ನಿಂದರ್ರಿ! ನಿಂದರ್ರಿ!" ರೊಟ್ಟಿಯ ಕಟ್ಟು ಬಗಲಲ್ಲಿ ಹಿಡಿದುಕೊಂಡು ಹಿಂದೆ ಓಡಿಬಂದ.

ಜಾಕ್ ಬಿಟ್ಟುಬಂದೆನೇನೋ ಎಂದು ನಿಲ್ಲಿಸಿದೆ.

"ಗಟಾರಕ್ಕ ಬಿದ್ದ ಕಲ್ಲ ಎತ್ತಿ ಮೊದಲಿನ ಜಾಗಾಕ್ಕ ಇಟ್ಟ ಹೋಗ್ರಿ. ನಾಳಿ ಮತ್ತ ಜ್ವಾಳ ಹಾಕಬೇಕು."

ವಾರಂಟಿ

ಊದಿದ ಟೈರು, ಬೆಂಡಾದ ಡಿಸ್ಕು ಹಾಕಿಕೊಂಡು ಗಾಡಿ ಕೊಂಡ ಶೋರೂಮಿಗೆ ಹೋದೆ. ಕೊಳ್ಳುವಾಗ ವಾರಂಟಿ, ವಾರಂಟಿ ಎಂದು ಮಂತ್ರದ ಹಾಗೆ ಹೇಳಿದ್ದರು. ಟೈ ಕಟ್ಟಿದವನೊಬ್ಬ ಬಂದು ನೋಡಿದ.

"ಗಾಡಿಗೆ ವಾರಂಟಿ ಇದೆ ಮೇಡಂ. ಟೈರು ಗಾಡಿಯಲ್ಲಿ ಬರಲ್ಲ."

"ಹಂಗಾರ ಟೈರ್ ಇಲ್ಲದ ಗಾಡಿ ಮಾರ್ತೀರೇನು?"

ಅವನು ಟೈರು ಕಂಪನಿಯವನನ್ನು ಕರೆಸಿದ. ಈತ ಟೈರಿನ ಮೇಲೆ ಬ್ಯಾಟರಿಯ ಬೆಳಕು ಬಿಟ್ಟು, ಬೆರಳಿಂದ ಒತ್ತಿ, ಡಾಕ್ಟರು ಕೆಟ್ಟ ಸುದ್ದಿ ಹೇಳುವಾಗ ಮಾಡುವ ಮುಖ ಮಾಡಿದ.

"ಇದು ರೋಡ್ ಡ್ಯಾಮೇಜ್ ಮೇಡಂ. ರಸ್ತೆ ಮೇಲೆ ಓಡಿಸಿದ್ದರಿಂದ ಆಗಿರೋದು. ಇದಕ್ಕೆ ವಾರಂಟಿ ಬರಲ್ಲ."

"ರಸ್ತೆ ಬಿಟ್ಟ ಎಲ್ಲಿ ಓಡಸ್ಲೆಪಾ? ಕೆರಿಯಾಗ?"

ಆತ ನನ್ನ ಪ್ರಶ್ನೆಯನ್ನು ನಿಜವಾಗಿಯೂ ವಿಚಾರ ಮಾಡಿದ. ಗಾಜಿನ ಆಚೆ ಹೂವಿನ ಹಾರ ಹಾಕಿಕೊಂಡು ನಿಂತಿದ್ದ ಹೊಸ ಗಾಡಿಗಳ ಕಡೆ ಕೈ ತೋರಿಸಿದ.

"ಅಲ್ಲಿ ಒಳಗಡೆ ಇರೋ ಗಾಡಿಗಳದ್ದು ಇವತ್ತಿನ ತನಕ ಒಂದು ಕಂಪ್ಲೇಂಟ್ ಬಂದಿಲ್ಲ ನೋಡಿ ಮೇಡಂ."

ಅಮಾವಾಸ್ಯೆಯ ಪೂಜೆ

ಹೊಸ ಟೈರು, ಹೊಸ ಡಿಸ್ಕು ಮನೆಗೆ ಬಂದ ದಿನ ಭಾವನವರು ಮತ್ತೆ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿದರು.

"ಇನ್ನೊಂದಽ ಒಂದ್ ಸಲ ಗಾಲಿ ನೆಲಕ್ಕ ಕುಂತ್ರ ಕೀಲಿ ನನ್ನ ಕಿಸೇದಾಗ. ಮಾತಂದ್ರ ಮಾತು."

ಅತ್ತೆ ತಲೆಯಾಡಿಸಿದರು. ನಮ್ಮನೆಯವರೂ ತಲೆಯಾಡಿಸಿದರು. ಆವತ್ತಿನಿಂದ ನನಗೆ ನಿಜವಾಗಿಯೂ ಹೆದರಿಕೆ ಹತ್ತಿತು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಗಾಲಿ ಮುಟ್ಟಿ ನೋಡುವುದು, ಮುಳ್ಳು ಕಂಡರೆ ಸುತ್ತು ಹಾಕಿ ಹೋಗುವುದು, ಕನಸಿನಲ್ಲೂ ಸುಯ್ ಎನ್ನುವ ಸಪ್ಪಳ. ಕೇಂದ್ರದ ಹೆಣ್ಣುಮಕ್ಕಳು ನಾನು ಹೊರಟಾಗಲೆಲ್ಲ, "ಗಾಲಿ ಚೊಲೊ ಅದಾವಿಲ್ಲಕ್ಕಾ?" ಎಂದು ಕೇಳಿಯೇ ಕಳಿಸುತ್ತಿದ್ದರು.

ನಮ್ಮಲ್ಲಿ ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಇದ್ದದ್ದೇ. ತೊಳೆದು, ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆದು, ನಾಲ್ಕೂ ಗಾಲಿಯ ಮುಂದೆ ಒಂದೊಂದು ಲಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹಾಯಿಸುವುದು. ದೃಷ್ಟಿ ಇದ್ದರೆ ಲಿಂಬೆಹಣ್ಣಿನ ಜೊತೆಗೇ ಒಡೆದು ಹೋಗಲಿ ಅಂತ. ಈ ಸಲದ ಅಮಾವಾಸ್ಯೆಗೆ ಶಿಗ್ಗಾಂವಿಯ ಕಡೆಯ ಒಂದು ಮಠದ ದಾಸೋಹಕ್ಕೆ ರೊಟ್ಟಿ ಕೊಡುವುದಿತ್ತು. ಕೇಂದ್ರಕ್ಕೆ ಅಷ್ಟು ದೊಡ್ಡ ಕೆಲಸ ಹಿಂದೆ ಬಂದಿರಲಿಲ್ಲ. ಕೊಡಿಸಿದವರು ಭಾವನವರೇ. ಮಠದ ಸ್ವಾಮಿಗಳಿಗೆ ನಾವು ಅಜ್ಜಾರು ಅನ್ನುತ್ತೇವೆ. ಆ ಅಜ್ಜಾರಿಗೆ, "ನಮ್ಮ ಮನಿ ರೊಟ್ಟಿ, ಊಟದ ಹೊತ್ತಿಗೆ ಮುಟ್ಟಸೂ ಜವಾಬ್ದಾರಿ ನಂದು" ಎಂದು ಕೈಮುಗಿದು ಹೇಳಿ ಬಂದಿದ್ದರು.

ಬುಟ್ಟಿಗಳನ್ನೆಲ್ಲ ಗಾಡಿಗೆ ಏರಿಸಿದೆವು. ಓಣಿಯವರು ಪೂಜೆ ನೋಡಲು ನೆರೆದಿದ್ದರು. ಮಡಿ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಭಾವನವರು ಆವತ್ತು ಗಾಲಿಯ ಹತ್ತಿರ ಯಾರನ್ನೂ ಬಿಡಲಿಲ್ಲ. ಲಿಂಬೆಹಣ್ಣುಗಳನ್ನು ತಾವೇ ಇಟ್ಟು, ಅವುಗಳ ಮೇಲೆ ಕುಂಕುಮ, ಹೂವು ಸುರಿದರು.

"ಒಂದೀಟು ಮುಂದಕ ಹೊಡಿ."

ಹೊಡೆದೆ. ಲಿಂಬೆಹಣ್ಣು ಒಡೆದರೆ ಪಚಕ್ ಅನ್ನಬೇಕು. ಇದು ಅಂದ ರೀತಿ ಬೇರೆಯೇ ಇತ್ತು. ಇಳಿದು ನೋಡಿದರೆ ನಾಲ್ಕೂ ಗಾಲಿಗೆ ಲಿಂಬೆಹಣ್ಣುಗಳು ಅಂಟಿಕೊಂಡಿವೆ. ಅಪ್ಪಚ್ಚಿಯಾದ ಹಣ್ಣಿನ ನಡುವೆ ಮೊಳೆಯ ತಲೆ ಹೊಳೆಯುತ್ತಿದೆ.

"ಭಾವಾರ, ಏನಿದು?"

ಭಾವನವರು ಎದೆ ಸೆಟೆಸಿದರು. "ಬರೇ ಲಿಂಬಿಹಣ್ಣಿಗೆ ಬಗ್ಗೂ ದೃಷ್ಟಿ ಅಲ್ಲ ಇದು. ಬಲ್ಲವ್ರನ್ನ ಕೇಳ್ಕೊಂಡ ಬಂದೇನಿ, ಕಬ್ಬಣ ಬೇಕಂತ. ಒಂದೊಂದಕ್ಕೂ ಖುದ್ದ ನಾನಽ ಮೊಳಿ ಹೊಡದೇನಿ. ಉರುಳಬಾರದು ಅಂತ ತಲಿ ಕೆಳಗ ಮಾಡಿ ಕುಂಡ್ರಸೇನಿ."

ತಲೆ ಕೆಳಗೆ. ಅಂದರೆ ಚೂಪು ಮೇಲೆ. ಗಾಲಿಯ ಕಡೆಗೆ.

ಸಿಟ್ಟು ನೆತ್ತಿಗೇರಿತು. ಆದರೂ ನುಂಗಿಕೊಂಡೆ, ಯಾಕೆಂದರೆ ಇನ್ನೂ ದಾರಿಯಿತ್ತು. ನಮ್ಮದು ಟ್ಯೂಬ್ ಇಲ್ಲದ ಟೈರು. ಮೊಳೆ ಒಳಗೇ ಇದ್ದರೆ ಹವಾ ಸಣ್ಣಗೆ ಇಳಿಯುತ್ತದೆ. ನಡುನಡುವೆ ಪೆಟ್ರೋಲ್ ಬಂಕಿನಲ್ಲಿ ಹವಾ ತುಂಬಿಸಿಕೊಂಡು ಹೇಗೋ ಮಠ ಮುಟ್ಟಬಹುದು.

"ಯಾರೂ ಮೊಳಿ ಮುಟ್ಟಬ್ಯಾಡ್ರಿ! ಹಂಗಽ ಇರ್ಲಿ, ಹಂಗಽ ಹೋಗ್ತೇನಿ" ಅಂದೆ.

ಅನ್ನುವಷ್ಟರಲ್ಲಿ ಭಾವನವರು ಇಕ್ಕಳ ಹಿಡಿದು ಕುಕ್ಕರುಗಾಲಲ್ಲಿ ಕೂತಾಗಿತ್ತು. "ಮೊಳಿ ಒಳಗ ಉಳದ್ರ ದೃಷ್ಟಿ ಒಳಗಽ ಉಳದಂಗ" ಎನ್ನುತ್ತ ಮೊದಲನೆಯದನ್ನು ಕಿತ್ತರು. ಸುಯ್ ಎಂದಿತು. ಭಾವನವರು ಕೈ ಎತ್ತಿದರು.

"ಕೇಳ್ರಿ! ಹೊಂಟೇತಿ! ದೃಷ್ಟಿ ಹೊಂಟೇತಿ!"

ಓಣಿಯ ಹೆಂಗಸರು ಕೈಮುಗಿದರು. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ನಾನು ಕಿರುಚುತ್ತ ಇಕ್ಕಳ ಕಸಿಯಲು ಹೋದೆ.

"ನಡಕ ಬರಬ್ಯಾಡ, ಹೊಂಟಿದ್ದು ನಿನಗ ತಾಗ್ತೈತಿ!" ಅಂದರು ಭಾವನವರು. ನಮ್ಮನೆಯವರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು, "ತಾಗ್ತೈತಂತ, ಈ ಕಡೆ ಬಾ." ಎರಡನೆಯದು ಸುಯ್. ಮೂರನೆಯದು ಸುಯ್. ನಾಲ್ಕನೆಯದು ಇಳಿಯುವ ಹೊತ್ತಿಗೆ ಗಾಡಿ ಮಲಗಿದ ಎಮ್ಮೆಯ ಹಾಗೆ ಅಂಗಳದಲ್ಲಿ ಕೂತಿತ್ತು, ರೊಟ್ಟಿ ಸಮೇತ.

ಭಾವನವರು ಎದ್ದು ಧೋತರ ಝಾಡಿಸಿದರು. ಗಾಡಿಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಮುಂದೆ ಕೈ ಚಾಚಿದರು.

"ಕೀಲಿ."

ನನಗೆ ನಂಬಲಾಗಲಿಲ್ಲ. "ಏನಂದ್ರಿ?"

"ಗಾಲಿ ನೆಲಕ್ಕ ಕುಂತ್ವು ಹೌದಿಲ್ಲೋ? ಮಾತಂದ್ರ ಮಾತು."

"ಕುಂಡ್ರಸಿದ್ದು ಯಾರು?"

"ಅದರ ಮ್ಯಾಲೆ ಗಾಡಿ ಹಾಯಿಸಿದಾಕಿ ಯಾರು?"

ಕೇಂದ್ರದ ಹೆಣ್ಣುಮಕ್ಕಳು ಬಾಗಿಲಲ್ಲಿ ಸೆರಗು ಬಾಯಿಗೆ ಹಚ್ಚಿಕೊಂಡು ನಿಂತಿದ್ದರು. ಬೈಯಬೇಕೆಂದು ಬಾಯಿ ತೆಗೆದೆ. ಬೈಯಲಿಲ್ಲ. ಕೀಲಿಯನ್ನು ಭಾವನವರ ಅಂಗೈಯಲ್ಲಿ ಬಡಿದ ಹಾಗೆ ಇಟ್ಟೆ.

"ತಗೋರಿ. ಇನ್ನ ಮ್ಯಾಲೆ ಗಾಡೀನೂ ನಿಮ್ದು, ರೊಟ್ಟಿ ಮುಟ್ಟಸೂದೂ ನಿಮ್ದು. ಅಜ್ಜಾರಿಗೆ ಮಾತ ಕೊಟ್ಟಾವ್ರು ನೀವಽ ಅದೀರಿ. ಊಟದ ಹೊತ್ತಾಗಾಕ ಬಂತು, ಏಳ್ರಿ."

ಭಾವನವರಿಗೆ ಆಗ ಒಂದೊಂದೇ ಹೊಳೆಯತೊಡಗಿತು. ಅಮಾವಾಸ್ಯೆಯ ದಿನ ಊರಿನ ಪಂಚರ್ ಅಂಗಡಿಗಳು ಬಂದ್. ಅವರ ಟ್ರ್ಯಾಕ್ಟರೂ ಬಂದ್, ಅಮಾವಾಸ್ಯೆಗೆ ಗಳೆ ಹೂಡಬಾರದು, ಟ್ರ್ಯಾಕ್ಟರ್ ಹೊರಗೆ ತೆಗೆಯಬಾರದು ಎಂದು ಓಣಿಗೆಲ್ಲ ಹೇಳುವವರು ಅವರೇ. ಹೆಂಡತಿಯ ಕಡೆಯ ಡ್ರೈವರಿಗೆ ಫೋನ್ ಹಚ್ಚಿದರು. "ಗಾಲಿ ಇದ್ರ ಬರ್ತೇನ್ರಿ ಮಾವಾರ" ಅಂದ ಅವನು. ತಮ್ಮನ ಕಡೆ ನೋಡಿದರು. ನಮ್ಮನೆಯವರಿಗೆ ಅದೇ ಹೊತ್ತಿಗೆ ಹೊಟ್ಟೆ ನುಲಿಯಿತು.

ಉಳಿದದ್ದು ಬಸ್ಸು.

ಮಡಿ ಧೋತರದ ಭಾವನವರು ತಲೆಯ ಮೇಲೊಂದು ಬುಟ್ಟಿ, ಬಗಲಲ್ಲೊಂದು ಬುಟ್ಟಿ ಇಟ್ಟುಕೊಂಡು ಓಣಿಯಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಬಂದು ಹೋಗಿ ಬಂದು ಮಾಡಿದರು. ಅಮಾವಾಸ್ಯೆಯ ಬಸ್ಸು, ಮಠಕ್ಕೆ ಹೋಗುವ ಮಂದಿಯಿಂದ ತುಂಬಿ ತುಳುಕುತ್ತಿತ್ತು. ಬುಟ್ಟಿ ಒಳಗೆ ನೂಕಿದರು, ಬುಟ್ಟಿಯ ಮೇಲೆ ಮಂದಿ ಬಂದರು, ಮಂದಿಯ ಮೇಲೆ ಭಾವನವರು ನೇತಾಡಿದರು. ಬಸ್ಸು ಹೊರಟಿತು. ನಾನು ಒಲೆಯ ಮುಂದೆ ಕೂತೆ. ಮಠದವರು ಒಂದು ಸಲ ಬೇಡ ಎಂದರೆ ಸುತ್ತಿನ ಊರಿನವರೆಲ್ಲ ಬೇಡ ಅನ್ನುತ್ತಾರೆ. ಊಟ ಸೇರಲಿಲ್ಲ. ಕೇಂದ್ರದ ಹೆಣ್ಣುಮಕ್ಕಳೂ ಮನೆಗೆ ಹೋಗದೆ ನನ್ನ ಸುತ್ತ ಕೂತರು.

ಮಧ್ಯಾಹ್ನ ಮಠದ ಅಡಿಗೆಮನೆಯಿಂದ ಫೋನ್ ಬಂತು.

"ರೊಟ್ಟಿ ಬಂದಾವ್ರಿ ಅಕ್ಕಾರ. ರೊಟ್ಟಿ ಅಂತ ನಿಮ್ಮ ಭಾವಾರ ಹೇಳ್ಯಾರ, ನಾವು ನಂಬೇವಿ. ನೋಡಾಕ ನುಚ್ಚಾಗ್ಯಾವ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣಿ ಕೊಟ್ಟು ಬಡಿಸೇವಿ. ಮಂದಿ ಎರಡೆರಡ ಸಲ ಹಾಕಿಸ್ಕೊಳ್ಳಾಕತ್ತಾರ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಣ್ಣುಮಕ್ಕಳು ನಕ್ಕರು, ಅವರ ಜೋಡಿ ನಾನೂ ನಕ್ಕೆ.

ಇಳಿಹೊತ್ತಿಗೆ ಭಾವನವರು ಬಂದರು. ಧೋತರ ಮುದ್ದೆ, ವಿಭೂತಿ ಬೆವರಿನಲ್ಲಿ ಗಲ್ಲಕ್ಕಿಳಿದಿದೆ, ಕಿವಿಯ ಸಂದಿಯಲ್ಲಿ, ಮೀಸೆಯಲ್ಲಿ, ಕೊರಳಪಟ್ಟಿಯೊಳಗೆ ರೊಟ್ಟಿಯ ಚೂರು. ಖಾಲಿ ಬುಟ್ಟಿಗಳನ್ನು ಕೆಡವಿ ಕಟ್ಟೆಯ ಮೇಲೆ ಕುಸಿದು ಕೂತರು. ಕಿಸೆಗೆ ಕೈ ಹಾಕಿ ಕೀಲಿ ತೆಗೆದರು.

"ಅಜ್ಜಾರು ಹೇಳ್ಯಾರ, ಮುಂದಿನ ಅಮಾಸಿಗೂ ರೊಟ್ಟಿ ಬೇಕಂತ. ನೀ ಮಾತ್ರ ತರಬ್ಯಾಡೋ, ಆ ಹೆಣ್ಮಗಳನ್ನಽ ಕಳಸು ಅಂದ್ರು. ಹಿಡಿ."

ಮಾತು ಮುಗಿಯುವ ಮೊದಲೇ ಕೀಲಿ ಕಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ. ಇಷ್ಟಾದ ಮೇಲಾದರೂ ಈ ಮನುಷ್ಯ ತಪ್ಪಾಯಿತು ಎಂದು ಒಂದು ಮಾತು ಹೇಳುತ್ತಾರೇನೋ ಎಂದು ಎದುರಿಗೇ ನಿಂತೆ. ಭಾವನವರು ತಂಬಿಗೆ ನೀರು ಗಟಗಟ ಕುಡಿದರು. ಅಂಗಳದಲ್ಲಿ ನಾಲ್ಕೂ ಗಾಲಿ ಊರಿ ಕೂತ ಗಾಡಿಯನ್ನು ಬಹಳ ಹೊತ್ತು ನೋಡಿದರು. ಕಡೆಗೆ ತಲೆಯಾಡಿಸಿ, ತಪ್ಪು ಎಲ್ಲಿ ಆಯಿತು ಎಂಬುದು ಈಗ ಹೊಳೆಯಿತು ಎನ್ನುವವರ ಹಾಗೆ ಹೇಳಿದರು,

"ಮೊಳಿ ಒಂದೀಟು ದೊಡ್ಡವು ಆದ್ವು ಅನಸ್ತೈತಿ. ಮುಂದಿನ ಅಮಾಸಿಗೆ ಸಣ್ಣವು ತರ್ತೇನಿ."